ಕಿಟಕಿಯಕ್ಕ ರೈಲು ಹತ್ತಿದ್ದು

ರೈಲು ತೊಳೆಯುವ ಯಾರ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಿಟಕಿಯಕ್ಕ ಎಂದು. ಬೋಗಿಯೊಳಗೆ ಗುಡಿಸುವವರು ಬೇರೆ, ಹೊರಗೆ ಪೈಪು ಹಿಡಿದು ನೀರು ಹಾರಿಸುವವರು ಬೇರೆ. ಕಿಟಕಿಯ ಗಾಜು ಒರೆಸುವುದು ಇವಳ ಪಾಲಿನ ಕೆಲಸ; ಕೈ ಬಿಡುವಾದರೆ ಸೀಟಿನ ಧೂಳು ಕೊಡವುವುದು, ಕಸ ಹೆಕ್ಕುವುದೂ. ಹಳೆಯ ಪತ್ರಿಕೆಯನ್ನು ಒದ್ದೆ ಮಾಡಿ ಒಂದು ಸಲ ಉಜ್ಜುವಳು, ಒಣಬಟ್ಟೆಯಲ್ಲಿ ಮತ್ತೊಂದು ಸಲ ಒರೆಸುವಳು, ಆಮೇಲೆ ತಲೆ ಓರೆ ಮಾಡಿ ಬೆಳಕಿಗೆ ಹಿಡಿದಂತೆ ನೋಡುವಳು.

"ಸಾಕು ಬಿಡೇ, ಗಾಜು ಸವೆದು ತೂತಾಗ್ತದೆ," ಎಂದು ಹೊರಗಿನಿಂದ ಕೂಗುತ್ತಿದ್ದವಳು ಅವಳ ಗೆಳತಿ, ಪೈಪಮ್ಮ.

ಗಾಜಿನ ಮೇಲೆ ಉಳಿದ ಗುರುತುಗಳೆಂದರೆ ಕಿಟಕಿಯಕ್ಕನಿಗೆ ಒಂದು ಬೆರಗು. ಇಲ್ಲಿ ಯಾವುದೋ ಮಗುವಿನ ಮೂಗು ಒತ್ತಿದ ಗುರುತು, ಅಲ್ಲಿ ಐದು ಬೆರಳು, ಇನ್ನೊಂದರಲ್ಲಿ ಯಾರೋ ಗಂಟೆಗಟ್ಟಲೆ ಹಣೆ ಆನಿಸಿ ಕೂತಿದ್ದರ ಎಣ್ಣೆಯ ಕಲೆ. ಇಷ್ಟು ಹೊತ್ತು ಹಣೆ ಹಚ್ಚಿ ನೋಡಬೇಕಾದರೆ ಹೊರಗೆ ಏನು ಕಂಡಿತ್ತೋ! ಒರೆಸುವ ಮುಂಚೆ ಒಂದು ಗಳಿಗೆ ಅವಳೂ ಆ ಗುರುತಿನ ಮೂಲಕವೇ ಹೊರಗೆ ನೋಡುವಳು. ಕಾಣುತ್ತಿದ್ದದ್ದು ಯಾರ್ಡಿನ ಗೋಡೆ, ಪೈಪಮ್ಮನ ಒದ್ದೆ ಬೆನ್ನು.

ಮದುವೆಯಾದ ಹೊಸದರಲ್ಲಿ ಸೇರಿದ ಕೆಲಸ. ಗಂಡ ತೀರಿಕೊಂಡಾಗಲೂ ಅದೇ ಅವಳನ್ನು ಹಿಡಿದು ನಿಲ್ಲಿಸಿತ್ತು. ಆದರೆ ರೈಲಿನಲ್ಲಿ ಕೂತು ಎಲ್ಲಿಗಾದರೂ ಹೋಗಿದ್ದಾಳೆಯೇ ಎಂದರೆ, ಇಲ್ಲ. ಹೋಗುವುದು ಹಾಗಿರಲಿ, ಕೂತದ್ದೇ ಇಲ್ಲ. ಯಾರ್ಡಿನ ಮೊದಲ ಪಾಠವೇ ಅದು: ಕೆಲಸದವರು ಸೀಟು ಮುಟ್ಟಬಹುದು, ಒರೆಸಬಹುದು, ಕೂರುವ ಹಾಗಿಲ್ಲ. ಊಟದ ಡಬ್ಬಿ ಬಿಚ್ಚುವುದು ಬಾಗಿಲ ಬಳಿಯ ನೆಲದ ಮೇಲೆ. ಮೇಸ್ತ್ರಿ ಇಲ್ಲದ ದಿನವೂ ಹಾಗೆಯೇ.

ಅವಳು ಬೆಳೆದ ಮನೆಯ ಕಟ್ಟಳೆಯೂ ಅದಕ್ಕೆ ಸರಿಹೊಂದುವಂಥದ್ದೇ. ಆ ಮನೆಯಲ್ಲಿ ಪ್ರಯಾಣ ಎಂದರೆ ಎಲ್ಲೋ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ಆಗಲೂ ಹೆಂಗಸರು ಒಬ್ಬರೇ ಹೊರಡುವಂತಿಲ್ಲ. ಆ ಕಡೆಗೆ ಹೋಗುವವರನ್ನು ಹುಡುಕಿ, "ಇವಳನ್ನ ನಿಮಗೆ ಒಪ್ಪಿಸಿದೀವಿ, ನೋಡ್ಕೊಳ್ಳಿ," ಎಂದು ಪಾರ್ಸೆಲ್ಲಿನಂತೆ ಒಪ್ಪಿಸಬೇಕು. ಸಣ್ಣವಳಿದ್ದಾಗ ಸಂತೆಗೆ ಹೋದರೆ ಅವ್ವ ಒಂದು ಹುರಿಯನ್ನು ತನ್ನ ಕೈಗೂ ಮಗಳ ಕೈಗೂ ಕಟ್ಟಿಕೊಳ್ಳುತ್ತಿದ್ದಳು. ಒಮ್ಮೆ ಗಂಟು ಬಿಚ್ಚಿ, ಬಳೆ ಅಂಗಡಿಯ ಮುಂದೆ ನಿಂತುಬಿಟ್ಟವಳಿಗೆ ಮನೆಗೆ ಬಂದ ಮೇಲೆ ಬಿದ್ದ ಏಟು ಅಷ್ಟಿಷ್ಟಲ್ಲ. ಅವ್ವ ಹೊಡೆಯುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಹುರಿ ಯಾವಾಗಲೋ ಕಳೆದುಹೋಯಿತು. ಅದರ ಗಂಟು ಮಾತ್ರ ಅವಳ ಮಣಿಕಟ್ಟಿನ ಒಳಗೆಲ್ಲೋ ಉಳಿದುಕೊಂಡಿತು.

ಹೀಗಿರುವಾಗ ದೂರದ ಊರಿನಿಂದ ಮಗಳ ಫೋನು ಬಂತು. ಚೊಚ್ಚಲು. ಮಗು ಅಡ್ಡ ತಿರುಗಿದೆ, ಬುಧವಾರ ಸಂಜೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದಾರೆ. ಅಳಿಯ ಲಾರಿ ಓಡಿಸುವವನು, ಗಡಿಯ ಹತ್ತಿರ ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾನೆ.

"ಅಮ್ಮ, ನೀನು ಬಾ. ನೀನು ಕೈ ಹಿಡ್ಕೊಂಡ್ರೆ ಒಳಗೆ ಹೋಗ್ತೀನಿ. ಇಲ್ಲದಿದ್ರೆ ನನಗೆ ಆಗಲ್ಲ."

"ಯಾರ ಜೊತೆ ಬರಲೇ?"

"ಯಾರೂ ಬೇಡ. ಬೆಳಗ್ಗೆ ಹತ್ತಿದ್ರೆ ಮಧ್ಯಾಹ್ನಕ್ಕೆ ಇಲ್ಲಿ. ಅವರು ಫೋನಲ್ಲೇ ಟಿಕೆಟ್ ಮಾಡಿಸಿ ಕಳಿಸಿದ್ದಾರೆ. ಕಿಟಕಿ ಪಕ್ಕದ್ದೇ."

ವಿಷಯ ತಿಳಿದ ಅಣ್ಣ ತಲೆಯ ಮೇಲೆ ಕೈ ಹೊತ್ತುಕೊಂಡ. "ನೀನು? ಒಬ್ಬಳೇ? ಮೂಲೆ ಅಂಗಡಿಗೆ ಹೋದ್ರೆ ಎರಡು ಸಲ ತಿರುಗಿ ಮನೆ ಇದೆಯಾ ಅಂತ ನೋಡೋಳು ನೀನು!"

ಅವಳಿಗೂ ಅದೇ ಅನ್ನಿಸಿತ್ತು. ರಾತ್ರಿ ದೇವರ ಮುಂದೆ ಕೂತಾಗ ಬಾಯಿಂದ ಪ್ರಾರ್ಥನೆಯೇ ಹೊರಡಲಿಲ್ಲ. 'ಅವಳ ಕೈ ಹಿಡಿಯೋಕೆ ಕರೀತಿದ್ದಾಳಪ್ಪಾ. ನನ್ನ ಕೈ ಯಾರು ಹಿಡೀಬೇಕು?' ಎಂದಷ್ಟೇ ಕೇಳಿ ಎದ್ದಳು.

ಬುಧವಾರ ಬೆಳಗ್ಗೆ ಅಣ್ಣ ಪ್ಲಾಟ್‌ಫಾರಮ್ಮಿಗೆ ಬಂದು, ಬೋಗಿಯೊಳಗೆ ಹತ್ತಿ, ಒಪ್ಪಿಸಲು ತಕ್ಕವರು ಯಾರೆಂದು ಕಣ್ಣಾಡಿಸಿದ. ತಂಗಿಯ ಸೀಟಿನ ಎದುರಿಗಿದ್ದವಳು ಒಬ್ಬ ಕಾಲೇಜು ಹುಡುಗಿ. ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು ಸೇಬು ಕಚ್ಚುತ್ತಿದ್ದಳು. ಬೇರೆ ಗತಿಯಿಲ್ಲದೆ ಅಣ್ಣ ಅವಳಿಗೇ ಕೈ ಮುಗಿದ.

"ಇವಳು ನನ್ನ ತಂಗಿ ಕಣಮ್ಮ. ಕೊನೇ ಸ್ಟೇಷನ್ನಿಗೆ ಹೋಗ್ಬೇಕು. ನಿನಗೆ ಒಪ್ಪಿಸಿದೀನಿ ತಾಯಿ."

ಹುಡುಗಿ ಸೇಬನ್ನು ಬಾಯಲ್ಲಿಟ್ಟುಕೊಂಡೇ ಕಣ್ಣರಳಿಸಿದಳು. ಒಪ್ಪಿಸಲ್ಪಟ್ಟವಳಿಗೆ ಅವಳ ತಾಯಿಯ ವಯಸ್ಸು. ನಗು ತಡೆದುಕೊಂಡು, "ಆಯ್ತು ಅಂಕಲ್, ಜೋಪಾನ ಮಾಡ್ತೀನಿ," ಎಂದಳು.

ರೈಲು ಹೊರಟಿತು. ಸ್ವಲ್ಪ ಹೊತ್ತಿಗೆ ಹುಡುಗಿ ತಲೆಯೆತ್ತಿ ನೋಡಿದರೆ ಎದುರಿನ ಸೀಟು ಖಾಲಿ. ಜೋಪಾನ ಮಾಡಬೇಕಾದವರೇ ನಾಪತ್ತೆ! ಹುಡುಕಿಕೊಂಡು ಹೋದರೆ ಕಿಟಕಿಯಕ್ಕ ಬಾಗಿಲ ಬಳಿ, ನೆಲದ ಮೇಲೆ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ.

"ಆಂಟಿ! ಇಲ್ಲಿ ಯಾಕೆ ಕೂತಿದ್ದೀರಿ?"

"ಇಲ್ಲೇ ಅಭ್ಯಾಸ ನನಗೆ."

"ಸೀಟು ನಿಮ್ಮದೇ ಅಲ್ವಾ? ದುಡ್ಡು ಕೊಟ್ಟಿದ್ದೀರಿ."

"ಗೊತ್ತಮ್ಮ. ಕೂರೋಣ ಅಂತ ಬಗ್ಗಿದೆ. ಮೊಣಕಾಲು ಒಪ್ಪಲಿಲ್ಲ."

ಹುಡುಗಿ ನಗಲಿಲ್ಲ. ಕೈ ನೀಡಿ ಎಬ್ಬಿಸಿದಳು. ಕಿಟಕಿಯಕ್ಕ ಬಂದು ಸೀಟಿನ ತುದಿಯಲ್ಲಿ, ಯಾರಾದರೂ ಗದರಿದರೆ ತಟ್ಟನೆ ಏಳುವಂತೆ ಕೂತಳು. ಯಾರೂ ಗದರಲಿಲ್ಲ. ಟಿಕೆಟ್ ನೋಡುವವರು ಬಂದರು, ಫೋನು ನೋಡಿದರು, "ಸರಿ ಅಮ್ಮ," ಎಂದು ಮುಂದೆ ಹೋದರು. ಅಮ್ಮ! ಮೇಸ್ತ್ರಿಯಂಥದೇ ಕೋಟು ತೊಟ್ಟವರು. ಆಮೇಲೆ ಸ್ವಲ್ಪ ಸ್ವಲ್ಪವೇ ಹಿಂದೆ ಸರಿದು ಬೆನ್ನು ಆನಿಸಿದಳು. ಈ ಸೀಟಿನ ಧೂಳು ಎಷ್ಟು ಸಲ ಕೊಡವಿದ್ದಳೋ. ಅದು ಇಷ್ಟು ಮೆತ್ತಗಿದೆ ಎಂದು ಅವಳಿಗೆ ಅಂದೇ ಗೊತ್ತಾದದ್ದು.

ಆಮೇಲೆ ಹೊರಗೆ ನೋಡಿದಳು.

ಯಾರ್ಡಿನ ಗೋಡೆ ಇರುತ್ತಿದ್ದ ಜಾಗದಲ್ಲಿ ಹೊಲ ಓಡುತ್ತಿತ್ತು. ಹೊಲ ಮುಗಿದು ಹೊಳೆ, ಹೊಳೆಯ ಮೇಲೆ ಗಡಗಡ ಸೇತುವೆ, ಕೆಳಗೆ ದೋಣಿಯಲ್ಲಿ ನಿಂತು ಬಲೆ ಕೊಡವುತ್ತಿದ್ದ ಒಬ್ಬ. ಒಂದು ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ತಲೆಯೆತ್ತಿ ರೈಲನ್ನು ನೋಡಿದಳು, ಕಿಟಕಿಯಕ್ಕ ಅವಳನ್ನು ನೋಡಿದಳು, ಅಷ್ಟರಲ್ಲಿ ಅವಳ ಇಡೀ ಊರೇ ಹಿಂದೆ ಹೋಯಿತು. ಅಬ್ಬಾ, ಇಷ್ಟೊಂದು ಜಾಗ ಮಾಡಿಟ್ಟಿದ್ದಾನಲ್ಲ ದೇವರು, ಯಾರನ್ನೂ ಕೇಳದೆ! ಅವಳಿಗರಿವಿಲ್ಲದೆಯೇ ಹಣೆ ಗಾಜಿಗೆ ಹೋಗಿ ಆನಿತ್ತು.

"ನೀನು ಎಲ್ಲಿಗೆ ಹೋಗ್ತಿದ್ದೀಯಮ್ಮ?" ಎಂದು ಬಹಳ ಹೊತ್ತಿನ ಮೇಲೆ ಕೇಳಿದಳು.

"ಸರಿಯಾಗಿ ಗೊತ್ತಿಲ್ಲ ಆಂಟಿ. ರಜೆ ಇದೆ. ಎಲ್ಲಿ ಇಷ್ಟ ಆಗತ್ತೋ ಅಲ್ಲಿ ಇಳಿಯೋದು."

"ರಾತ್ರಿ ಎಲ್ಲಿ ಮಲಗ್ತೀಯ?"

"ಹೋಗಿ ನೋಡೋದು."

"ಭಯ ಆಗಲ್ವಾ?"

ಹುಡುಗಿ ಯೋಚಿಸಿದಳು. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೇನೋ. "ಸಣ್ಣವಳಿದ್ದಾಗ ಅಪ್ಪ ಒಂದು ಆಟ ಆಡಿಸ್ತಿದ್ರು. ಹೊಸ ಊರಿಗೆ ಹೋದ್ರೆ ಮ್ಯಾಪು ನನ್ನ ಕೈಗೆ ಕೊಟ್ಟು, ಇವತ್ತು ನೀನೇ ನಮ್ಮನ್ನ ಕರ್ಕೊಂಡು ಹೋಗು ಅನ್ನೋರು. ಒಂದ್ಸಲ ಮ್ಯೂಸಿಯಂ ಅಂತ ಹೇಳಿ ಎಲ್ಲರನ್ನೂ ಕೋಳಿ ಮಾರೋ ಬೀದಿಗೆ ಕರ್ಕೊಂಡು ಹೋಗಿಬಿಟ್ಟೆ. ಅಪ್ಪ ಬೈಲಿಲ್ಲ. ಕೋಳಿಗಳನ್ನೇ ನೋಡಿ ಬಂದ್ವಿ. ತಪ್ಪಿದ್ರೆ ತಿರುಗಿ ಬರೋದು, ಅಷ್ಟೇ ಅಲ್ವಾ ಆಂಟಿ?"

ಅಷ್ಟೇ ಅಲ್ಲ ಎಂದು ಕಿಟಕಿಯಕ್ಕನಿಗೆ ಗೊತ್ತಿತ್ತು. ತಪ್ಪಿದರೆ ತಿರುಗಿ ಬರಲು ಜೇಬಿನಲ್ಲೂ ಏನಾದರೂ ಇರಬೇಕು, ಬಂದ ಮೇಲೆ ಬಾಗಿಲು ತೆರೆಯುವವರ ಮುಖದಲ್ಲಿ ನಗುವೂ ಇರಬೇಕು. ಅವ್ವನ ಬಳಿ ಎರಡೂ ಇರಲಿಲ್ಲ. ಇದ್ದದ್ದು ಒಂದು ಹುರಿ. ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಬರಬೇಕಿತ್ತು, ಬರಲಿಲ್ಲ. ಕೋಳಿ ಬೀದಿಯಲ್ಲಿ ಮಗಳ ಹಿಂದೆ ಹಿಂದೆ ನಡೆದ ಆ ದೊಡ್ಡಮನುಷ್ಯನನ್ನು ನೆನೆನೆನೆದು ಅವಳು ಅಚ್ಚರಿಪಟ್ಟಳು. ಮಗುವಿಗೆ ಹೀಗೂ ಆಸ್ತಿ ಮಾಡಿಡಬಹುದೇ!

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಒಂದು ಬೆಟ್ಟದ ಬುಡದ ಪುಟ್ಟ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಹುಡುಗಿ ಹೊರಗೆ ನೋಡಿದವಳೇ ತಟ್ಟನೆ ಚೀಲ ಎತ್ತಿಕೊಂಡಳು.

"ಈ ಬೆಟ್ಟ ಚೆನ್ನಾಗಿದೆ ಆಂಟಿ. ಇಳೀತೀನಿ."

"ಅಯ್ಯೋ, ನನ್ನನ್ನ ನಿನಗೆ ಒಪ್ಪಿಸಿದ್ರಲ್ಲೇ!"

ಹುಡುಗಿಯ ಕೈ ಚೀಲದ ಮೇಲೆಯೇ ನಿಂತಿತು. "ಹೌದಲ್ಲ... ಬೇಡ ಅಂದ್ರೆ ಇಳಿಯಲ್ಲ."

ಕಿಟಕಿಯಕ್ಕ ಬೆಟ್ಟವನ್ನು ನೋಡಿದಳು, ಹುಡುಗಿಯ ಮುಖವನ್ನು ನೋಡಿದಳು. ತಾನು ಈಗ ಹುರಿ ಕಟ್ಟುವವಳಾದೆನಲ್ಲ ಎನ್ನಿಸಿತು. "ಹೋಗು ತಾಯಿ, ನೋಡ್ಕೊಂಡು ಬಾ," ಎಂದಳು.

"ನಿಮ್ಮದು ಕೊನೇ ಸ್ಟೇಷನ್, ತಪ್ಪೋಕೇ ಸಾಧ್ಯ ಇಲ್ಲ. ಎಲ್ಲರೂ ಇಳಿದಾಗ ಇಳೀರಿ, ಸರೀನಾ?"

ತಪ್ಪಲು ಸಾಧ್ಯವೇ ಇಲ್ಲದ್ದನ್ನು ಕಿಟಕಿಯಕ್ಕ ಹೇಗೆ ತಪ್ಪಿದಳೆಂದರೆ, ಹೀಗೆ. ಕೊನೆಯ ಸ್ಟೇಷನ್ ಬಂತು. ಎಲ್ಲರೂ ಇಳಿದರು. ಅವಳೂ ಎದ್ದಳು. ಎದ್ದವಳ ಕಣ್ಣಿಗೆ ಸೀಟುಗಳ ಕೆಳಗಿನ ಕಡಲೆಕಾಯಿ ಸಿಪ್ಪೆ, ಖಾಲಿ ಬಾಟಲಿ, ಚೆಲ್ಲಿದ ಚಹಾ ಬಿದ್ದವು. ಜನ ಇಳಿದುಹೋದ ಬೋಗಿ ಎಂದರೆ ಅವಳ ಕೈಗೆ ಒಂದೇ ಅರ್ಥ. ಬಗ್ಗಿ ಒಂದು ಬಾಟಲಿ ತೆಗೆದಳು. ಪಕ್ಕದಲ್ಲಿ ಇನ್ನೊಂದು. ಸಿಪ್ಪೆ ಗೋರಿ ಅಲ್ಲೇ ಬಿದ್ದಿದ್ದ ಚೀಲಕ್ಕೆ ತುಂಬಿ ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ ಕಿಟಕಿಯಾಚೆ ಪ್ಲಾಟ್‌ಫಾರಂ ಮೆಲ್ಲಗೆ ಹಿಂದಕ್ಕೆ ಜಾರುತ್ತಿತ್ತು. ರೈಲು ಹೊರಟಿತ್ತು.

ಬಾಗಿಲಿಗೆ ಓಡಿದಳು, ಇಳಿಯುವಂತಿರಲಿಲ್ಲ. ಫೋನು ಮಾಡಿದರೆ ಮಗಳು ಎತ್ತಲಿಲ್ಲ. ಸಂಜೆಯ ಆಪರೇಷನ್. ಅಮ್ಮ ಬರದೆ ಒಳಗೆ ಹೋಗುವುದಿಲ್ಲ ಎಂದವಳು. ಮಣಿಕಟ್ಟಿನ ಗಂಟು ಬಿಗಿಯಿತು. ಬಳೆ ಅಂಗಡಿಯ ಮುಂದೆ ನಿಂತ ಆ ಸಣ್ಣ ಹುಡುಗಿ ಅವಳೊಳಗೆ ಕಣ್ಣು ಕಣ್ಣು ಬಿಟ್ಟಳು. 'ಕಳೆದುಹೋದೆ ಅವ್ವಾ.'

ರೈಲು ತಿರುವು ತಿರುಗಿ ನಿಂತಿತು. ಹೊರಗೆ ಒಂದು ಉದ್ದನೆಯ ಗೋಡೆ. ಗೋಡೆಯ ಬುಡದಲ್ಲಿ ಸುರುಳಿ ಸುತ್ತಿದ ಪೈಪು, ಬಕೆಟ್ಟುಗಳು. ಸೋಪಿನ ನೀರಿನ ಅದೇ ವಾಸನೆ. ಬಾಗಿಲು ದಬದಬ ತೆರೆದು ಪೊರಕೆ ಹಿಡಿದ ಹೆಂಗಸರು ಹತ್ತಿದರು.

"ಯಾರೇ ಇದು? ನಮಗಿಂತ ಮುಂಚೆ ಗುಡಿಸ್ತಿರೋಳು?" ಎಂದಳು ಮುಂದಿದ್ದವಳು, ಅಗಲ ಮುಖದ ದಪ್ಪನೆಯ ಹೆಂಗಸು. "ಹೊಸಬಳಾ?"

"ಅಲ್ಲ ತಾಯಿ, ಪ್ಯಾಸೆಂಜರು," ಎಂದಳು ಕಿಟಕಿಯಕ್ಕ, ಕೈಯಲ್ಲಿ ಕಸ ಹಿಡಿದುಕೊಂಡು. "ಅಲ್ಲೂ ಇದೇ ಕೆಲಸ ನಂದು. ಕೈ ಸುಮ್ಮನಿರಲಿಲ್ಲ."

ಹೆಂಗಸರು ಅವಳ ಕೈಯ ಕಸ ನೋಡಿದರು. ಆಮೇಲೆ ಬೋಗಿ ತುಂಬ ನಗು. "ಅಯ್ಯೋ ನಿನ್ನ! ಟಿಕೆಟ್ ತಗೊಂಡು ಬಂದು ಕಸ ಎತ್ತಿದ್ಯಾ!" ಕಿಟಕಿಯಕ್ಕನಿಗೂ ನಗು ಬಂತು, ನಗುವಿನ ಹಿಂದೆಯೇ ಅಳು. ಮಗಳ ವಿಷಯ ಹೇಳಿದಳು. ಅಗಲ ಮುಖದವಳು ಪೊರಕೆ ಗೋಡೆಗೆ ಒರಗಿಸಿದಳು.

"ಹೆರಿಗೆ ಆಸ್ಪತ್ರೆ ತಾನೇ? ಬಾ. ನಮ್ಮ ದಾರೀಲಿ ಹೋಗೋಣ."

ಹೊರಡುವ ಮುಂಚೆ ಕಿಟಕಿಯಕ್ಕ ತನ್ನ ಸೀಟಿನ ಕಡೆ ತಿರುಗಿದಳು. ಗಾಜಿನ ಮೇಲೆ ಹಣೆಯ ಗುರುತು, ದೊಡ್ಡದಾಗಿ, ಎಣ್ಣೆ ಹೊಳೆಯುತ್ತ. ಅವಳದೇ. ಒರೆಸಲು ಕೈ ಎತ್ತಿದಳು.

"ಬಿಡು ಅಕ್ಕಾ," ಎಂದಳು ಬಟ್ಟೆ ಹಿಡಿದು ನಿಂತಿದ್ದ ಇನ್ನೊಬ್ಬಳು. "ಅದು ನನ್ನ ಕೆಲಸ."

ಹಳಿಗಳನ್ನು ದಾಟಿದರೆ ಯಾರ್ಡಿನ ಗೋಡೆಯಲ್ಲಿ ಒಂದು ಕಿಂಡಿಯಿತ್ತು, ಕೆಲಸದವರು ಓಡಾಡಿ ಓಡಾಡಿ ಅಂಚು ನುಣ್ಣಗಾದದ್ದು. ಇವಳ ಯಾರ್ಡಿನಲ್ಲೂ ಅಂಥದೊಂದು ಕಿಂಡಿಯುಂಟು. ಎಲ್ಲ ಊರಲ್ಲೂ ಇರಬಹುದೇನೋ! ಕಿಂಡಿಯಿಂದ ಬೀದಿ, ಬೀದಿಯಿಂದ ಬಸ್ಸು. ಅಗಲ ಮುಖದವಳು ಅವಳನ್ನು ಬಸ್ಸಿನವರೆಗೆ ತಂದು, ಅಣ್ಣನಂತೆಯೇ ಅವಳೂ ಕಂಡಕ್ಟರನಿಗೆ ಒಪ್ಪಿಸಲು ಬಾಯಿ ತೆರೆದಳು. ಕಿಟಕಿಯಕ್ಕ ಅವಳ ಕೈ ಒತ್ತಿದಳು. "ಬೇಡಕ್ಕ. ಕೇಳ್ಕೊಂಡು ಇಳೀತೀನಿ. ತಪ್ಪಿದ್ರೆ ತಿರುಗಿ ಬರ್ತೀನಿ."

ತಪ್ಪಲಿಲ್ಲ.

ಆಸ್ಪತ್ರೆಯಲ್ಲಿ ಮಗಳನ್ನು ಆಗಲೇ ಗಾಲಿ ಮಂಚದ ಮೇಲೆ ಮಲಗಿಸಿದ್ದರು. ನರ್ಸು, "ಇನ್ನೂ ಎಷ್ಟು ಹೊತ್ತಮ್ಮ?" ಎಂದು ಗೊಣಗುತ್ತಿದ್ದಳು. ಕಿಟಕಿಯಕ್ಕ ಓಡಿಬಂದು ಕೈ ಹಿಡಿದಳು. ಕೈಯಲ್ಲಿ ಇನ್ನೂ ಕಡಲೆಕಾಯಿಯ ಧೂಳಿತ್ತು.

"ಬಂದ್ಯಾ ಅಮ್ಮ? ಯಾರು ಕರ್ಕೊಂಡು ಬಂದ್ರು?"

ಅಣ್ಣ, ಹುಡುಗಿ, ಅಗಲ ಮುಖದವಳು, ಮೇಲಿನವನು ಎಲ್ಲರೂ ಒಂದು ಸಲ ಕಣ್ಣ ಮುಂದೆ ಬಂದರು. "ನಾನೇ ಬಂದೆ," ಎಂದಳು. ಹೇಳಿದ ಮಾತು ತನ್ನದೇನಾ ಎಂಬಂತೆ ಇನ್ನೊಮ್ಮೆ ಹೇಳಿಕೊಂಡಳು. "ನಾನೇ ಬಂದೆ ಕಣೇ." ಮಗಳು ಒಳಗೆ ಹೋದಳು.

ಹುಟ್ಟಿದ್ದು ಹೆಣ್ಣು. ಈಗ ಮೊಮ್ಮಗಳಿಗೆ ನಡಿಗೆ ಬಂದಿದೆ, ಮಾತೂ ಬಂದಿದೆ. ವರ್ಷಕ್ಕೊಮ್ಮೆ ಅಜ್ಜಿ ಕಿಟಕಿ ಪಕ್ಕದಲ್ಲಿ ಕೂತು, ಕಸ ಎತ್ತದೆ, ಎಲ್ಲರೊಂದಿಗೆ ಇಳಿದು ಬರುತ್ತಾಳೆ. ಸಂಜೆ ಮೊಮ್ಮಗಳೊಂದಿಗೆ ಹಾಲು ತರಲು ಹೊರಟರೆ ಬೀದಿಯ ಮೂಲೆಯಲ್ಲಿ ನಿಂತು, "ಎತ್ತ ಹೋಗಣವ್ವಾ? ಇವತ್ತು ನೀನೇ ನನ್ನ ಕರ್ಕೊಂಡು ಹೋಗು," ಎನ್ನುತ್ತಾಳೆ. ಮಗು ಗಂಭೀರವಾಗಿ ಯೋಚಿಸಿ, ಹಾಲಿನ ಅಂಗಡಿಗೆ ಬೆನ್ನು ತಿರುಗಿಸಿ, ನೇರವಾಗಿ ಕ್ಷೌರದ ಅಂಗಡಿಯೊಳಗೆ ನಡೆಯುತ್ತದೆ.

ಅಜ್ಜಿ ಖಾಲಿ ಪಾತ್ರೆ ಹಿಡಿದು ಹಿಂದೆಯೇ ಹೋಗುತ್ತಾಳೆ.