ಸಿಪ್ಪೆಯೊಳಗಿನ ಊಟ

ಹೊಸಹಳ್ಳಿಯ ಅಂಜಿನಕ್ಕ ಹುಣಸೆಹಣ್ಣು ಕುಟ್ಟುವ ಕೂಲಿಗೆ ಹೋಗುತ್ತಿದ್ದಳು. ಗಂಡನ ಮನೆ ಒಗ್ಗದೆ ತವರಿಗೆ ಬಂದವಳು. ಅವ್ವ ತೀರಿಕೊಂಡ ಮೇಲೆ ಅವಳಿಗೆ ಉಳಿದವನು ತಮ್ಮ ಪಾಲಯ್ಯನೊಬ್ಬನೇ. ಟ್ರ್ಯಾಕ್ಟರ್ ಓಡಿಸುತ್ತಿದ್ದ ಅವನು ಹೋದ ವರ್ಷ ಯಾಕೋ ಮಾತು ಬಿಟ್ಟ, ಕೆಲಸ ಬಿಟ್ಟ. ಒಂದಿನ ಮುದ್ದೆ ಬಡಿಸಿದರೆ ತಟ್ಟೆಯನ್ನೇ ದೂರ ತಳ್ಳಿದ.

"ಇದ್ರಾಗ ಏನೋ ಕಲಸೀದಿ."

"ನಾನೇನಪ್ಪಾ? ನಿನಗಾ?"

ಅವನು ಗೋಡೆ ಕಡೆ ತಿರುಗಿಕೊಂಡ. ಅದೇ ತಟ್ಟೆಯಿಂದ ಅವನೆದುರೇ ಒಂದು ತುತ್ತು ತಿಂದು ತೋರಿಸಿದಳು. ಆದರೂ ನಂಬಲಿಲ್ಲ.

ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಗುಳಿಗೆಯನ್ನು ಮಾತ್ರ ಪಾಲಯ್ಯ ತಾನೇ ಪಟ್ಟಿಯಿಂದ ಒತ್ತಿ ತೆಗೆದು ನುಂಗುತ್ತಿದ್ದ. ಊಟ ಮುಟ್ಟುತ್ತಿರಲಿಲ್ಲ. ಐದನೇ ದಿನ ಅಂಗಳದಲ್ಲಿ ತಲೆತಿರುಗಿ ಬಿದ್ದ. ಎತ್ತಲು ಬಂದ ನೆರೆಯವರು ಅವನನ್ನು ಮಲಗಿಸಿ ಹೊರಟುಹೋದರು. ತಲೆ ಕೆಟ್ಟವನ ಮನೆಯೆಂದು ಆಮೇಲೆ ಆ ಬಾಗಿಲಿಗೆ ಯಾರೂ ಬರಲಿಲ್ಲ.

ಮತ್ತೆ ಆಸ್ಪತ್ರೆಗೆ ಕರೆದೊಯ್ದಾಗ ನರ್ಸ್ ಕ್ರಾಂತಿ ಕೇಳಿದಳು, "ಊಟಕ್ಕೇನು ಕೊಡ್ತೀರಿ?"

"ನನ್ನ ಕೈಯಾಗಿನ ಚಾನೂ ಕುಡಿಯಂಗಿಲ್ರಿ."

"ಬರೀ ಗುಳಿಗಿಲೆ ಆಗಂಗಿಲ್ಲಕ್ಕಾ. ಹೊಟ್ಟಿ ಖಾಲಿ ಇದ್ರ ತಲಿ ಇನ್ನಷ್ಟು ಕೆಡತೈತಿ. ನಿಮ್ಮ ತಮ್ಮ ಯಾವುದನ್ನ ನಂಬ್ತಾನ ನೋಡಿ, ಅದನ್ನ ಕೊಡ್ರಿ."

ವಾಪಸು ಬರುವಾಗ ಬಸ್‌ಸ್ಟ್ಯಾಂಡಿನ ಹಣ್ಣಿನ ತಳ್ಳುಗಾಡಿಯ ಮುಂದೆ ಪಾಲಯ್ಯ ನಿಂತ. ಒಂದು ಬಾಳೆಹಣ್ಣು ತಗೊಂಡು ತಿರುಗಿಸಿ ತಿರುಗಿಸಿ ನೋಡಿ, ಸುಲಿದು ತಿಂದ. ಇನ್ನೊಂದು ತಿಂದ. ಅಂಜಿನಕ್ಕನಿಗೆ ತಿಳಿಯಿತು: ಸಿಪ್ಪೆ ಇದ್ದರೆ ಒಳಗೆ ಯಾರೂ ಏನೂ ಕಲಸಲಾರರು.

ಮರುದಿನದಿಂದ ಬೇಯಿಸಿದ ತತ್ತಿ, ಸಿಪ್ಪೆ ಸಮೇತ ಕುದಿಸಿದ ಶೇಂಗಾ, ಬಾಳೆಹಣ್ಣು ಅವನ ಮುಂದಿಟ್ಟು ಹೊರಗೆ ಹೋಗುತ್ತಿದ್ದಳು. ಅವಳಿದ್ದರೆ ಅವನು ತಿನ್ನುತ್ತಿರಲಿಲ್ಲ. ಕಟ್ಟೆ ಮೇಲೆ ಕೂತು, ಒಳಗೆ ತತ್ತಿ ಒಡೆಯುವ ಸದ್ದಿಗೆ ಕಿವಿಗೊಡುತ್ತಿದ್ದಳು. ಸದ್ದು ಕೇಳಿದ ಮೇಲೆಯೇ ಒಳಗೆ ಹೋಗಿ ತನ್ನ ರೊಟ್ಟಿ ಮುರಿಯುತ್ತಿದ್ದಳು.

ಮೂರು ತಿಂಗಳಲ್ಲಿ ಅವನ ಮುಖಕ್ಕೆ ಕಳೆ ಬಂತು, ರಾತ್ರಿ ಗೊಣಗುವುದು ನಿಂತಿತು. "ನಾಲ್ಕು ಕಿಲೋ ಏರ್ಯಾನ್ರಿ!" ಎಂದು ಕ್ರಾಂತಿ ಹಿಗ್ಗಿದಳು. ಮುಂದೆ ಪಾಲಯ್ಯ ತಾನೇ ಒಲೆ ಹಚ್ಚಿ ಅನ್ನ, ಬೇಳೆ ಬೇಯಿಸಿಕೊಳ್ಳತೊಡಗಿದ. ಟ್ರ್ಯಾಕ್ಟರ್ ಕೆಲಸವೂ ಮತ್ತೆ ಸಿಕ್ಕಿತು. ಅಕ್ಕನ ಅಡುಗೆಯನ್ನು ಮಾತ್ರ ಮುಟ್ಟಲಿಲ್ಲ.

"ತಮ್ಮ ಚಲೋ ಆದನಲ್ಲ, ಇನ್ನೇನು ಬೇಕವ್ವಾ ನಿನಗ?" ಎಂದರು ಹುಣಸೆ ಕುಟ್ಟುವ ಹೆಂಗಸರು.

"ಹೌದ್ರಿ," ಎಂದಳು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ತಡೆದು ನಿಂತ. "ಅಕ್ಕಾ, ಉಂಡ್ಯಾ?"

ವರ್ಷದ ಮೇಲೆ ಅವನು ಕೇಳಿದ ಮಾತು. ಉಣ್ಣಲು ಕೂತಿದ್ದ ಅವಳು ತನ್ನ ತಟ್ಟೆಯನ್ನು ಅವನ ಕಡೆ ಸರಿಸಿದಳು. "ಇಲ್ಲಪ್ಪಾ. ನೀನೂ ಬಾ, ಕೂಡೇ ಉಣ್ಣೋಣು."

ಅವನು ತಟ್ಟೆಯನ್ನೊಮ್ಮೆ ನೋಡಿದ. "ನಂದಾತು," ಎಂದು ಮೆಲ್ಲಗೆ ಹೇಳಿ ಹೋದ.

ಟ್ರ್ಯಾಕ್ಟರಿನ ಸದ್ದು ಊರ ಹೊರಗೆ ಅಡಗುವವರೆಗೂ ಅಂಜಿನಕ್ಕ ಕೈಯಲ್ಲಿ ತುತ್ತು ಹಿಡಿದೇ ಕೂತಿದ್ದಳು. ಆಮೇಲೆ ಉಂಡಳು.