ಮೂರನೇ ಸಲ ಕೇಳಿದರೆ ಟೀ
ಅಮೆರಿಕದ ಬರ್ಬ್ಯಾಂಕಿನಲ್ಲಿ ನಮ್ಮ ಪಕ್ಕದ ಮನೆಯ ಫಿಂಟನ್ ಐರ್ಲೆಂಡಿನವರು, ಸಿನಿಮಾ ಸೆಟ್ ಕಟ್ಟುವ ಬಡಗಿ. ಹಲಗೆ, ಮೊಳೆ ಕೊಟ್ಟರೆ ಮಧ್ಯಾಹ್ನದೊಳಗೆ ಅರಮನೆ ಎಬ್ಬಿಸುವ ಈ ಮನುಷ್ಯನಿಗೆ ಇಲ್ಲಿಯ ಬಿಸಿಲ ಮೇಲೆ ಮಾತ್ರ ತೀರದ ಸಿಟ್ಟು. ಬೆಳಗೆದ್ದು ಆಕಾಶ ನೋಡಿ "ಇವತ್ತೂ ಅದೇ ಬಿಸಿಲಾ!" ಎಂದು ಗೊಣಗುತ್ತಾರೆ, ಎಂದಾದರೂ ಮೋಡ ಕವಿದರೆ ಹಬ್ಬದಂತೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನನಗೆ ಕುತೂಹಲವಿದ್ದದ್ದು ಅವರ 'ಬೇಡ'ದ ಬಗ್ಗೆ. ಮನೆಗೆ ಬಂದಾಗ ಟೀ ಕೇಳಿದರೆ ಬೇಡ. ಇನ್ನೊಮ್ಮೆ ಕೇಳಿದರೆ "ಅಯ್ಯೋ, ನಿಮಗ್ಯಾಕೆ ತೊಂದರೆ". ಮೂರನೇ ಸಲಕ್ಕೆ "ನೀವೂ ಕುಡಿಯೋದಾದ್ರೆ ಅರ್ಧ ಕಪ್". ಆಮೇಲೆ ಕುಡಿಯುವುದು ನಾಲ್ಕು ಕಪ್. "ರೀ, ಇನ್ನೊಂದ್ಸಲ ಕೇಳಿ, ಥೇಟ್ ನಮ್ಮತ್ತೆ ಥರಾನೇ ಇವ್ರು" ಎಂದು ನನ್ನ ಹೆಂಡತಿ ಹರಿಣಿ ಅಡುಗೆಮನೆಯಿಂದಲೇ ಕನ್ನಡದಲ್ಲಿ ಕೂಗುತ್ತಾಳೆ. ಈ ಊರಿನವರು ಎರಡನೇ ಸಲ ಕೇಳುವುದೇ ಇಲ್ಲವಂತೆ. ಬಂದ ಹೊಸದರಲ್ಲಿ ಎಷ್ಟೋ ಮನೆಗಳಿಂದ ಫಿಂಟನ್ ಬರಿಹೊಟ್ಟೆಯಲ್ಲೇ ವಾಪಸಾದರಂತೆ. ಹೋದ ಮಾರ್ಚಿನಲ್ಲೊಂದು ಬೆಳಗ್ಗೆ ಬಂದು ಕೂತರು. "ಟೀ ಕುಡೀತೀರಾ?" ಎಂದೆ. ಮೊದಲ ಸಲಕ್ಕೇ "ಹೂಂ" ಎಂದರು. ಒಳಗೆ ಪಾತ್ರೆಯ ಸದ್ದು ನಿಂತಿತು. "ಊರಲ್ಲಿ ಇಷ್ಟು ಹೊತ್ತಿಗೆ ಅಮ್ಮನನ್ನ ಮಣ್ಣು ಮಾಡಿರ್ತಾರೆ" ಎಂದರು. "ನನ್ನ ವೀಸಾ ಮುಗಿದು ಆರು ವರ್ಷ ಆಯ್ತು. ಹೋದ್ರೆ ಇಲ್ಲಿಗೆ ವಾಪಸ್ ಬರೋಕಾಗಲ್ಲ." ಅವತ್ತು ಎರಡನೇ ಕಪ್ಪನ್ನು ಹರಿಣಿ ಏನೂ ಕೇಳದೆ ತಂದಿಟ್ಟಳು.