ಗಂಗಕ್ಕ ಆರಿಸಿದ ಪತ್ತೇದಾರಿ ಪುಸ್ತಕಗಳು

ನಾನು ನಿಮಗೆ ಸುಳ್ಳು ಹೇಳಿದೆ ಗಂಗಕ್ಕ — ಅದೂ ಎದುರಿಗೆ ನಿಂತು, ನಿಮ್ಮ ಮನೆಯ ಚಹಾ ಕುಡಿಯುತ್ತ. ರಾಣೆಬೆನ್ನೂರಿನ ನಮ್ಮ ಓದುಗರ ಕೂಟಕ್ಕೆ ನಾನೂ ಬರಲೇ ಎಂದು ನೀವು ಕೇಳಿದಿರಿ. ‘ಅಲ್ಲಿ ಮಾತುಕತಿ ಎಲ್ಲಾ ಇಂಗ್ಲಿಷ್‌ನ್ಯಾಗ ನಡೀತದರಿ’ ಎಂದೆ. ಆ ಕೂಟದಲ್ಲಿ ಇಂಗ್ಲಿಷ್ ಮಾತಾಡುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆ ಸುಳ್ಳು ಹೇಳಿ ಆರು ವರ್ಷವಾಯಿತು.

ಕೂಟದಲ್ಲಿ ನಾವು ಓದುವುದು ಒಂದೇ ಬಗೆಯ ಪುಸ್ತಕ — ಒರಟು ಪತ್ತೇದಾರಿ ಕಾದಂಬರಿ. ಕುರ್ಚಿಯಲ್ಲಿ ಕೂತೇ ಕೊಲೆಗಾರನನ್ನು ಹಿಡಿಯುವ ಜಾಣರ ಕಥೆಯಲ್ಲ. ಕೆಟ್ಟ ಊರಿನ ಬೀದಿ ಅಲೆದು, ಪೆಟ್ಟು ತಿಂದು, ಆದರೂ ಹಿಡಿದ ಕೆಲಸ ಬಿಡದ ಪತ್ತೇದಾರನ ಕಥೆ. ಹಳೆಯವು, ಹೊಸವು, ಅನುವಾದವಾಗಿ ಬಂದವು. ಪ್ರತಿ ತಿಂಗಳ ಪುಸ್ತಕ ಆರಿಸುವ ಹೊಣೆ ನನ್ನದು. ಕಾಲೇಜಿನಲ್ಲಿ ಕನ್ನಡ ಕಲಿಸುವವನು, ಇವನಿಗೆ ಗೊತ್ತಿರುತ್ತದೆ ಎಂದು ಅವರೆಲ್ಲ ನಂಬಿದ್ದರು.

ನನಗೇನೂ ಗೊತ್ತಿರಲಿಲ್ಲ. ಮೊದಲ ಮೂರು ಪುಸ್ತಕಗಳನ್ನು ಯಾರೂ ಅರ್ಧವೂ ಓದಲಿಲ್ಲ. ಆಮೇಲೊಂದು ದಿನ ಬ್ಯಾಡಗಿಯಲ್ಲಿ, ನನ್ನ ಬಾಡಿಗೆ ಮನೆಯ ಹಿಂದಿನ ಅಂಗಳದಲ್ಲಿ, ನಿಮ್ಮ ದನಿ ಕೇಳಿದೆ. ಹನ್ನೊಂದು ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನೀವು ಕಟ್ಟೆಯ ಮೇಲೆ ಕೂತು ರಟ್ಟು ಹರಿದ ಪತ್ತೇದಾರಿ ಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದಿರಿ. ಓದುವವಳ ಕೂಲಿ ತಪ್ಪಬಾರದೆಂದು ಪ್ರತಿಯೊಬ್ಬರೂ ತಾವು ಬಿಡಿಸಿದ್ದರಲ್ಲಿ ಒಂದೊಂದು ಬೊಗಸೆ ನಿಮ್ಮ ಬುಟ್ಟಿಗೆ ಹಾಕುತ್ತಿದ್ದರು.

ನನ್ನ ಪುಸ್ತಕಗಳನ್ನೂ ತಂದುಕೊಟ್ಟೆ. ಯಾವುದು ಒಳ್ಳೆಯದೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದಾಗ ನಕ್ಕಿರಿ.

‘ಖೂನಿ ಮಾಡಿದವ ಸಿಕ್ಕಾಗ ಯಾರೂ ಕೈ ನಿಲ್ಲಸೂದಿಲ್ರಿ ಸರ. ಇಷ್ಟ ಹೊಡ್ತ ತಿಂದ ಮ್ಯಾಲೂ ಈ ಹುಚ್ಚಪ್ಯಾಲಿ ಯಾಕ ಬೆನ್ನ ಹತ್ಯಾನ ಅಂತ ಅನಸ್ತದಲ್ಲ, ಆವಾಗ ಎಲ್ಲಾರ ಕೈ ನಿಲ್ತಾವ. ಆ ಪುಸ್ತಕ ಛಲೋ.’

ಅದೇ ನನ್ನ ವಿದ್ಯೆಯಾಯಿತು. ನೀವು ಛಲೋ ಎಂದದ್ದನ್ನು ಹೊತ್ತುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತುತ್ತಿದ್ದೆ. ನಿಮ್ಮ ಮಾತನ್ನೇ ‘ನನ್ನ ಪ್ರಕಾರ’ ಎಂದು ಶುರುಮಾಡುತ್ತಿದ್ದೆ. ಎಲ್ಲರೂ ತಲೆದೂಗಿದರು. ಹಾವೇರಿಗೂ ಕರೆಸಿ ಶಾಲು ಹೊದಿಸಿದರು. ನೀವು ಬಂದು ಬಾಯಿ ತೆರೆದಿದ್ದರೆ ಆ ದಿನವೇ ನನ್ನ ಬಣ್ಣ ಬಯಲಾಗುತ್ತಿತ್ತು. ಅದಕ್ಕೇ ಆ ಸುಳ್ಳು. ಉಂಡ ಮನೆಯ ಜಂತೆ ಎಣಿಸಿದವನು ನಾನು. ಬೇರೆ ಕಾರಣವೇನಾದರೂ — ಹುಡುಕಿದೆ, ಇಲ್ಲ.

ನೀವು ‘ಹೌದೇನ್ರಿ? ಹಂಗಾರ ಬಿಡ್ರಿ’ ಎಂದಿರಿ. ಲೋಟ ತೆಗೆದುಕೊಂಡು ಒಳಗೆ ಹೋದಿರಿ. ಮತ್ತೆ ಒಮ್ಮೆಯೂ ಕೇಳಲಿಲ್ಲ. ನನಗೆ ನಾಚಿಕೆಯಾಯಿತು, ನಿಜ — ಆದರೂ ಎರಡು ದಿನ ಬಿಟ್ಟು ಮತ್ತೊಂದು ಪುಸ್ತಕ ತಂದು ನಿಮ್ಮ ಕೈಗಿಟ್ಟೆ. ಎಂಥ ಭಂಡ ನಾನು.

ಈಗ ಕೂಟದವರು ‘ನನ್ನ’ ಆಯ್ಕೆಗಳನ್ನೆಲ್ಲ ಸೇರಿಸಿ, ಯಾವುದನ್ನು ಯಾಕೆ ಓದಬೇಕೆಂದು ಹೇಳುವ ಒಂದು ಪುಸ್ತಕ ಅಚ್ಚು ಹಾಕಿಸಲು ಹೊರಟಿದ್ದಾರೆ. ಮುನ್ನುಡಿಗೆ ಕೂತೆ. ನಾಲ್ಕು ಸಾಲು ಬರೆದೆ, ನಾಲ್ಕನ್ನೂ ಹೊಡೆದುಹಾಕಿದೆ. ಹೋದ ಭಾನುವಾರ ಎಲ್ಲರ ಮುಂದೆ ನಿಮ್ಮ ಹೆಸರು ಹೇಳಿದೆ, ನಿಮಗೆ ಹೇಳಿದ ಸುಳ್ಳನ್ನೂ ಹೇಳಿದೆ. ಬೀಜದಂಗಡಿಯ ಬಸಣ್ಣ ಕೂಟದಲ್ಲಿ ಎಲ್ಲರಿಗಿಂತ ಹಿರಿಯ. ಅವನೇ ಮೊದಲು ಕೇಳಿದ.

‘ಹಂಗಾರ ಇಷ್ಟ ದಿನ ನೀವೇನ ಮಾಡಿದ್ರಿ ಸರ?’

‘ಪುಸ್ತಕದ ಚೀಲ ಹೊತ್ತೆ’ ಎಂದೆ. ಯಾರೂ ನಗಲಿಲ್ಲ.

ಅವರಿಗೆ ಹೇಳಿದರೆ ಸಾಲದು. ನಾಳೆ ಬೆಳಿಗ್ಗೆ, ಹನ್ನೊಂದು ಜನರೂ ಇರುವ ಹೊತ್ತಿಗೇ ಅಂಗಳಕ್ಕೆ ಬರುತ್ತೇನೆ. ಈ ಕಾಗದವನ್ನು ಅವರೆಲ್ಲರ ಮುಂದೆ ನಾನೇ ಓದುತ್ತೇನೆ. ನಿಮ್ಮ ಹೆಸರಿಲ್ಲದೆ ಆ ಪುಸ್ತಕ ಅಚ್ಚಾಗುವುದಿಲ್ಲ. ಇನ್ನು ಮುಂದೆ ಆರಿಸುವ ಹೊಣೆಯೂ ನನ್ನದಲ್ಲ. ಕೂಟಕ್ಕೆ ಬರುವುದು ಬಿಡುವುದು ನಿಮ್ಮ ಇಷ್ಟ. ಬೈದರೆ ಬೈಯಿರಿ, ಓದಿ ಮುಗಿಸದೆ ನಾನು ಎದ್ದು ಹೋಗುವುದಿಲ್ಲ. ಕ್ಷಮೆ ಮಾತ್ರ ಕೇಳುವುದಿಲ್ಲ ಗಂಗಕ್ಕ — ಕೇಳಿದರೆ ನೀವು ಕೊಟ್ಟೇಬಿಡುತ್ತೀರಿ.